ದರ್ಬಾರಿನ ಪಟದಲ್ಲಿ ದರ್ಜಿ ಎಲ್ಲಿ?

ರಾಜರ ಮನೆಯ ಒಳಗುಟ್ಟೆಲ್ಲ ನನ್ನ ನಾದಿನಿಗೆ ಗೊತ್ತು. ಹಾಗಂತ ಅವಳೇನೂ ಅರಮನೆಯ ಸೊಸೆಯಲ್ಲ, ಅರಮನೆ ಹತ್ತಿರದ ನಜರ್‌ಬಾದಿನಲ್ಲಿ ನಲವತ್ತು ವರ್ಷ ರವಿಕೆ ಹೊಲಿದವಳು. ನಾನು ನಾಲ್ಕನೇ ಕ್ಲಾಸು, ಅವಳು ಅದೂ ಇಲ್ಲ. ಆದರೂ ಕಡಕೊಳದ ನೆಂಟರು ಬಂದರೆ ಅರಮನೆ ತೋರಿಸುವವಳು ಅವಳೇ.

ತೋರಿಸುವುದು ಒಂದೇ ಪಟ. ರಾಜ ಸಂಸಾರ ಸಮೇತ ದರ್ಬಾರಿನಲ್ಲಿ ಕೂತಿದ್ದಾನೆ. ಬೇರೆಯವರು ಸಿಂಹಾಸನ ನೋಡಿದರೆ ಇವಳು ಕಂಕುಳು ನೋಡುತ್ತಾಳೆ.

“ಎಡಗಡೆ ರಾಣಿ ನೋಡಿ. ರವಿಕೆ ಕಂಕುಳಲ್ಲಿ ಬಿಗಿ. ಅದಕ್ಕೇ ಮುಖ ಗಂಟಾಕ್ಕೊಂಡವ್ರೆ. ರಾಜರ ಮೇಲೆ ಕೋಪ ಏನಿಲ್ಲ.”

ಚಿಕ್ಕ ರಾಜಕುಮಾರ ತೊಟ್ಟಿರುವ ಕೋಟು ಅವನ ಅಣ್ಣನದಂತೆ. “ತೋಳು ಮಡಚಿ ಹೊಲ್ದವ್ರೆ. ಅರಮನೆ ಆದ್ರೇನು, ಬೆಳೆಯೋ ಮಗೀಗೆ ಯಾರು ಹೊಸದು ಹೊಲಿಸ್ತಾರೆ?”

ಒಂದು ಸಲ ಅಲ್ಲಿದ್ದ ಗೈಡಿಗೆ ತಡೆಯಲಿಲ್ಲ. “ಅದು ಮಡಚಿದ್ದಲ್ಲ, ಜರಿ ಪಟ್ಟಿ ಕಣಮ್ಮ,” ಎಂದ.

“ನೀನೆಷ್ಟು ಕೋಟು ಹೊಲ್ದಿದ್ದೀಯಪ್ಪ?” ಎಂದಳು. ಅವನ ಹಿಂದಿದ್ದ ಜನವೆಲ್ಲ ಆಗಲೇ ಇವಳ ಹಿಂದೆ ಬಂದು ನಿಂತಿತ್ತು.

ಕೊನೆಗೆ ಮಾತ್ರ ಪ್ರತಿ ಸಲ ಒಂದೇ ರಾಗ. ಪಟದ ಮೂಲೆ ಮೂಲೆ ಹುಡುಕುತ್ತಾಳೆ. ಚಾಮರದವನಿದ್ದಾನೆ, ಕೊಡೆಯವನಿದ್ದಾನೆ, ಮಾವುತನೂ ಇದ್ದಾನೆ. “ಇಷ್ಟೆಲ್ಲ ಹೊಲಿದವನು ಎಲ್ಲಿ ಅತ್ತಿಗೆ?”

“ಒಳಗೆ ಯಾರದೋ ಗುಂಡಿ ಹಾಕ್ತಾ ಕೂತಿರ್ತಾನೆ, ನಿನ್ನ ಥರ,” ಎಂದು ಒಂದು ದಿನ ಅಂದುಬಿಟ್ಟೆ. ನನ್ನ ಬಾಯಿಗೆ ಬಾಗಿಲಿಲ್ಲ.

ಅವಳು ನಗಲಿಲ್ಲ. ಮನೆಗೆ ಬಂದು ಮಕ್ಕಳ ಮದುವೆ ಆಲ್ಬಂ ತೆಗೆದೆ. ಎಲ್ಲರ ಮೈಮೇಲೂ ಇವಳ ಹೊಲಿಗೆ, ಇವಳು ಮಾತ್ರ ಒಂದರಲ್ಲೂ ಇಲ್ಲ. ಸರಿಯಾಗಿ ಫೋಟೋ ಹೊತ್ತಿಗೆ ಯಾರದೋ ಹುಕ್ಕು ಕಿತ್ತುಹೋಗಿರುತ್ತಿತ್ತು. ನಾನೇ ಇವಳನ್ನು ಕೂಗಿ ಕಳಿಸುತ್ತಿದ್ದೆ.

ಹೋದ ತಿಂಗಳು ಮೊಮ್ಮಗಳ ಮದುವೆ. ಎಲ್ಲರೂ ಗ್ರೂಪ್ ಫೋಟೋಗೆ ಸೇರಿದರು. ಇವಳು ರೂಮಿನಲ್ಲಿ ಬೀಗಿತ್ತಿಯ ರವಿಕೆಗೆ ಹುಕ್ಕು ಹಾಕುತ್ತಿದ್ದಳು. ಹೋಗಿ ಕೈಹಿಡಿದು ಎಳೆದೆ.

“ಒಂದು ಹುಕ್ಕು ಬಾಕಿ ಅದೆ ಅತ್ತಿಗೆ.”

“ಪಿನ್ನು ಚುಚ್ಬುಟ್ಟು ಬಾರೇ.”

ಗಂಡು ಹೆಣ್ಣನ್ನು ಎಬ್ಬಿಸಿ, ಅವರ ದೊಡ್ಡ ಕುರ್ಚಿಯಲ್ಲಿ ಇವಳನ್ನು ಕೂರಿಸಿದೆ. ಮಿಕ್ಕವರೆಲ್ಲ ಹಿಂದೆ ನಿಂತೆವು, ಬೀಗಿತ್ತಿ ಪಿನ್ನಿನ ಸಮೇತ.

ಫೋಟೋ ಬಂತು. ಒಬ್ಬೊಬ್ಬರ ಹೊಲಿಗೆಯ ಮೇಲೂ ಬೆರಳಿಟ್ಟು ನೋಡಿದಳು. ಕೊನೆಗೆ ಬೆರಳು ನಡುವಿನ ಕುರ್ಚಿಯ ಮೇಲೆ ನಿಂತಿತು.

“ಈಯಮ್ಮಂದು ಹಳೇ ರವಿಕೆ. ಕಂಕುಳಲ್ಲಿ ಬಿಗಿ,” ಎಂದಳು. ಬೆರಳನ್ನು ಮುಖದ ಕಡೆ ಸರಿಸಿ, “ಆದ್ರೂ ನಗ್ತಾವ್ಳೆ ನೋಡಿ ಅತ್ತಿಗೆ.”