ಎಂಟು ಬೈ ಹನ್ನೆರಡರ ಶೇಂಗಾ ಹೊಲ

ಶೇಂಗಾ ಬೆಳೆಯುವುದಕ್ಕಿಂತ ಅಂಗಿಗೆ ಕಾಲರ್ ಹಚ್ಚುವುದು ಕಷ್ಟ ಎಂದು ನಾನು ಮನಃಪೂರ್ವಕವಾಗಿ ನಂಬಿದ್ದ ಕಾಲವೊಂದಿತ್ತು. ಆ ಕಾಲ ಜೂನ್ ತಿಂಗಳಲ್ಲಿ ಶುರುವಾಗಿ ಸೀಗಿ ಹುಣ್ಣಿಮೆಯ ಮಧ್ಯಾಹ್ನ ಹನ್ನೆರಡೂವರೆಗೆ ಸರಿಯಾಗಿ ಮುಗಿಯಿತು.

ನಾನು ಸವಣೂರಿನ ಟೇಲರ್ ಈರಣ್ಣ. ಶಾಲೆಯ ಸಮವಸ್ತ್ರದಿಂದ ಹಿಡಿದು ಮದುಮಗನ ಸಫಾರಿಯವರೆಗೆ ಏನು ಕೊಟ್ಟರೂ ಹೊಲಿಯುತ್ತೇನೆ. ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಎಲ್ಲರಿಗೂ ಒಂದೊಂದು ಹೊಲಿಗೆ ಯಂತ್ರವಿದೆ, ಯಾರಿಗೂ ಒಂದು ಗುಂಟೆ ಹೊಲವಿಲ್ಲ. ಇದರಿಂದ ನನಗೆ ಯಾವ ತೊಂದರೆಯೂ ಇರಲಿಲ್ಲ. ಆದರೆ ನಾನು ಆಡೂರಿನ ಒಕ್ಕಲಿಗರ ಮನೆಯ ಹುಡುಗಿ ಶಾಂತಾಳನ್ನು ಮದುವೆಯಾದೆ.

ದಸರೆ ಮುಗಿದು ಸೀಗಿ ಹುಣ್ಣಿಮೆ ಬಂತೆಂದರೆ ನಮ್ಮ ಕಡೆ ಹೊಲದಲ್ಲಿ ನಿಂತ ಬೆಳೆ ಬಸುರಿ ಹೆಂಗಸು ಇದ್ದಂತೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪೂಜೆ ಮಾಡಿ, ಅವಳ ಬಯಕೆ ತೀರಲೆಂದು ಮಾಡಿದ ಅಡುಗೆಯನ್ನೆಲ್ಲ ಬೆಳೆಯ ನಡುವೆ ಚೆಲ್ಲುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಆಮೇಲೆ ಅಲ್ಲೇ ಕಂಬಳಿ ಹಾಸಿ ಊಟ. ಮದುವೆಯಾದಾಗಿನಿಂದ ಪ್ರತಿ ವರ್ಷ ನಾನು ಆಡೂರಿಗೆ ಹೋಗಿ ಮಾವನವರ ಹೊಲದಲ್ಲಿ ಉಂಡು ಬರುತ್ತಿದ್ದೆ.

ಊಟವಾದ ಮೇಲೆ ಮಾವನವರು ಬದುವಿನ ಮೇಲೆ ಕೂತು ಒಬ್ಬೊಬ್ಬರನ್ನೇ ಮಾತಾಡಿಸುತ್ತಿದ್ದರು. ರಟ್ಟೀಹಳ್ಳಿಯ ನನ್ನ ಷಡ್ಡಕ, ಎಂದರೆ ಹೆಂಡತಿಯ ಅಕ್ಕನ ಗಂಡ, ಆರೆಕರೆ ಹೊಲದವನು. ಅವನ ಹತ್ತಿರ ರೋಗ ಯಾವುದು, ಬೀಜ ಯಾವುದು, ಗೊಬ್ಬರ ಎಷ್ಟು ಎಂದು ತಾಸುಗಟ್ಟಲೆ ಕೇಳುತ್ತಿದ್ದರು. ನನ್ನ ಸರದಿ ಬಂದಾಗ ಮಾತ್ರ ಅವರ ಪ್ರಶ್ನೆ ಪ್ರತಿ ವರ್ಷ ಒಂದೇ.

“ಈರಣ್ಣಾರ, ಇನ್ನೊಂದು ಹೋಳಿಗಿ ಹಾಕಸ್ಲೇನ್ರಿ?”

ಹೋದ ವರ್ಷ ನಾನೇ ಧೈರ್ಯ ಮಾಡಿ, ಕೈ ತೋರಿಸಿ, ಈ ಸಲ ಬೆಳೆ ಬಹಳ ಚೆನ್ನಾಗಿ ಬಂದಿದೆ ಎಂದು ಅಭಿಪ್ರಾಯ ಕೊಟ್ಟೆ. ಅದು ಪಕ್ಕದವರ ಹೊಲ ಎಂದು ಷಡ್ಡಕ ತಿಳಿಸಿದ. ಅವತ್ತು ಸವಣೂರಿಗೆ ವಾಪಸು ಬರುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ನಾನು ಸಂಕಲ್ಪ ಮಾಡಿದೆ. ಮುಂದಿನ ಸೀಗಿ ಹುಣ್ಣಿಮೆಗೆ ಚರಗ ನಮ್ಮ ಹೊಲದಲ್ಲಿ!

ಹೊಲ ಎಂದರೆ ನಮ್ಮ ಮನೆಯ ಹಿತ್ತಲು. ಬಟ್ಟೆ ಒಗೆಯುವ ಕಲ್ಲು, ಕರಿಬೇವಿನ ಗಿಡ ಬಿಟ್ಟರೆ ಉಳಿದದ್ದು ಎಂಟಡಿ ಅಗಲ, ಹನ್ನೆರಡಡಿ ಉದ್ದ. ಟೇಪು ಹಿಡಿದು ಎರಡು ಸಲ ಅಳೆದಿದ್ದೇನೆ. ಅಷ್ಟರಲ್ಲಿ ಕೊತ್ತಂಬರಿ ಹಾಕಿದರೆ ಸಾಕು ಎಂದು ಶಾಂತಾ ಹೇಳಿದಳು. ಕೊತ್ತಂಬರಿಗೆ ಯಾರಾದರೂ ಚರಗ ಚೆಲ್ಲುತ್ತಾರೆಯೇ? ಶೇಂಗಾವೇ ಆಗಬೇಕು ಎಂದು ನಾನು ಪಟ್ಟು ಹಿಡಿದೆ. ಬೀಜದ ಅಂಗಡಿಯವರು ಎಷ್ಟು ಎಕರೆಗೆ ಬೇಕೆಂದು ಕೇಳಿದಾಗ, ಮೊದಲನೆಯ ವರ್ಷವಾದ್ದರಿಂದ ಸಣ್ಣ ಪ್ರಮಾಣದಲ್ಲಿ ನೋಡುತ್ತಿದ್ದೇನೆ ಎಂದು ಗಂಭೀರವಾಗಿ ಉತ್ತರಿಸಿ, ಎರಡು ಬೊಗಸೆ ಬೀಜ ತಂದೆ.

ಬಿತ್ತನೆಯನ್ನು ನಾನು ಕಸುಬಿಗೆ ತಕ್ಕಂತೆ ಮಾಡಿದೆ. ದಾರ ಕಟ್ಟಿ ಸಾಲು ಹಿಡಿದೆ. ಬೀಜದಿಂದ ಬೀಜಕ್ಕೆ ಆರಿಂಚು, ಸಾಲಿನಿಂದ ಸಾಲಿಗೆ ಒಂದಡಿ, ಅರ್ಧ ನೂಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಮುಗಿಸಿ ನಿಂತು ನೋಡಿದರೆ ಯಂತ್ರದಲ್ಲಿ ಹೊಲಿಗೆ ಹಾಕಿದಷ್ಟು ನೇರ. ಅವತ್ತು ಮಧ್ಯಾಹ್ನ ಸುಖವಾಗಿ ನಿದ್ದೆ ಮಾಡಿದೆ.

ಮರುದಿನ ಪಕ್ಕದ ಮನೆಯ ಮುಮ್ತಾಜಕ್ಕ ಗೋಡೆಯ ಆಚೆಯಿಂದ ಕರೆದರು. ಅವರ ಮನೆಯಲ್ಲಿ ಕುರುಕಲು ಖಾರ ಮಾಡಿ ಮಾರುತ್ತಾರೆ, ಜೊತೆಗೆ ಒಂಬತ್ತು ಕೋಳಿ ಸಾಕಿದ್ದಾರೆ. ಮುಂಜಾನೆಯಿಂದ ಒಂದು ಕೋಳಿಯೂ ಕಾಳು ಮುಟ್ಟುತ್ತಿಲ್ಲ, ಏನು ರೋಗವೋ ಏನೋ, ದವಾಖಾನೆಗೆ ಒಯ್ಯಬೇಕೇ ಎಂದು ಅವರು ಕಳವಳದಿಂದ ಕೇಳಿದರು. ನಾನು ಹೊರಳಿ ನನ್ನ ಹೊಲ ನೋಡಿದೆ. ಕೋಳಿಗಳು ಸಾಲು ತಪ್ಪದೆ, ಆರಿಂಚಿಗೊಂದರಂತೆ ಕೆದರಿಕೊಂಡು ಹೋಗಿದ್ದವು. ಹುಡುಕುವ ತ್ರಾಸು ಅವುಗಳಿಗೆ ಎಲ್ಲಿಯೂ ಆಗಿರಲಿಲ್ಲ. ಕೋಳಿಗಳ ಆರೋಗ್ಯ ಚೆನ್ನಾಗಿಯೇ ಇದೆ ಎಂದು ನಾನು ಮುಮ್ತಾಜಕ್ಕನಿಗೆ ಧೈರ್ಯ ಹೇಳಿದೆ.

ಎರಡನೆಯ ಬಿತ್ತನೆಗೆ ಮೊದಲು ಇಡೀ ಹೊಲಕ್ಕೆ ಒಂದು ಅಂಗಿ ಹೊಲಿದೆ. ಸೊಳ್ಳೆಪರದೆಯ ಬಟ್ಟೆ, ನಾಲ್ಕು ಮೂಲೆಗೆ ಬಿದಿರಿನ ಗೂಟ, ಒಂದು ಬದಿಗೆ ಒಳಗೆ ಹೋಗಿ ಬರಲು ಪ್ಯಾಂಟಿಗೆ ಹಚ್ಚುವಂಥದೇ ಉದ್ದನೆಯ ಚೈನು. ಈ ಕೆಲಸದಲ್ಲಿ ಬಂಕಾಪುರದ ಮದುಮಗನೊಬ್ಬನ ಸಫಾರಿ ನಾಲ್ಕು ದಿನ ಹಿಂದೆ ಬಿತ್ತು. ಅವನು ಸಿಟ್ಟಿನಿಂದ ಬಂದ. ನಾನು ಹಿತ್ತಲಿಗೆ ಕರೆದೊಯ್ದು ಚೈನು ತೆಗೆದು ಹಾಕಿ ತೋರಿಸಿದೆ. ಅವನು ತನ್ನ ಬಟ್ಟೆ ವಾಪಸು ಇಸಿದುಕೊಂಡು ಹೋದ. ಮದುವೆಗೆ ರೆಡಿಮೇಡ್ ಹಾಕಿಕೊಂಡನೆಂದು ಆಮೇಲೆ ತಿಳಿಯಿತು.

ಎಂಟನೆಯ ದಿನಕ್ಕೆ ಮೊಳಕೆ ಬಂತು. ಮಣ್ಣನ್ನು ಎತ್ತಿಕೊಂಡು ಮೇಲೆದ್ದ ಆ ಎಳೆ ಎಲೆಗಳನ್ನು ಕಂಡಾಗ ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಅಂದಿನಿಂದ ಪರದೆಯೊಳಗೆ ಕಾಲಿಡಲು ಶಾಂತಾಳಿಗೂ ಪರವಾನಗಿ ಇಲ್ಲ. ಒಕ್ಕಲಿಗರ ಮಗಳೇ ಬೆಳೆ ತೆಗೆದಳು ಎಂದು ನಾಳೆ ಷಡ್ಡಕ ಅಂದುಬಿಟ್ಟರೆ? ನೀರು ನಾನೇ, ಕಳೆ ನಾನೇ. ಗೊಬ್ಬರವನ್ನಂತೂ ಹೊಟ್ಟೆ ತುಂಬ ಬಡಿಸಿದೆ. ಗಿಡಗಳು ಕಪ್ಪಿಗೆ ತಿರುಗುವಷ್ಟು ಹಸಿರಾಗಿ ಮೊಣಕಾಲೆತ್ತರ ಬೆಳೆದವು. ಒಂದು ದಿನ ಹಳದಿ ಹೂವೂ ಬಿಟ್ಟಿತು. ನಾನು ತಡೆಯಲಾರದೆ ಆಡೂರಿಗೆ ಫೋನು ಮಾಡಿದೆ. ಹಿತ್ತಲು ಅಂತ ಹೇಳಿ ಎಂದು ಶಾಂತಾ ಪಕ್ಕದಲ್ಲಿ ಸನ್ನೆ ಮಾಡುತ್ತಲೇ ಇದ್ದಳು. ಮಣ್ಣಿದೆ, ಬೆಳೆಯಿದೆ, ಅದು ಹೊಲವಲ್ಲದೆ ಮತ್ತೇನು? ಈ ವರ್ಷ ನಮ್ಮ ಹೊಲದಲ್ಲಿ ಶೇಂಗಾ ಇದೆ, ಚರಗ ಇಲ್ಲೇ ಆಗಬೇಕು ಎಂದು ಮಾವನವರಿಗೆ ಆಮಂತ್ರಣ ಕೊಟ್ಟೆ.

ಆ ಕಡೆ ಮಾವನವರ ದನಿಯೇ ಬೇರೆಯಾಯಿತು.

“ಹೊಲಾ ಮಾಡೀರಿ? ಭಾಳ ಚಲೋ ಆತ್ರಿ. ನಮ್ಮ ಹೊಲದ್ದು ದೊಡ್ಡ ಮಗ ನೋಡ್ಕೊಂತಾನ. ಈ ಸಲ ನಾ ನಿಮ್ಮ ಹೊಲಕ್ಕ ಬರ್ತೇನಿ.”

ತಮ್ಮ ಹೊಲ ಬಿಟ್ಟು ನನ್ನ ಹೊಲಕ್ಕೆ! ನನ್ನ ಎದೆಯ ಸುತ್ತಳತೆ ಅಲ್ಲೇ ನಾಲ್ಕು ಇಂಚು ಹೆಚ್ಚಿತು. ಹೊಲ ಎಷ್ಟು ದೊಡ್ಡದು ಎಂದು ಅವರು ಕೇಳಲಿಲ್ಲ, ಕೇಳದ್ದನ್ನು ಹೇಳುವುದು ನನ್ನ ಸ್ವಭಾವವಲ್ಲ.

ಇನ್ನು ಈ ಕಥೆಯ ಮುಖ್ಯ ಅಪರಾಧಕ್ಕೆ ಬರುತ್ತೇನೆ. ಹೂ ಉದುರಿದ ವಾರದಲ್ಲಿ ಒಂದು ಮುಂಜಾನೆ ನೋಡುತ್ತೇನೆ, ಪ್ರತಿ ಗಿಡದ ಎಲೆಯ ಬುಡದಿಂದ ಸಣ್ಣ ಎಳೆಗಳು ಕೆಳಗೆ ಜೋತುಬಿದ್ದಿವೆ. ದಾರದ ತುದಿಗಳಂತೆ, ಒಂದು ಉದ್ದ, ಒಂದು ಗಿಡ್ಡ, ಅಸಹ್ಯ! ಹೊಲಿದ ಬಟ್ಟೆಯಲ್ಲಿ ದಾರದ ತುದಿ ಜೋತಾಡುವುದು ನಮ್ಮ ಕಸುಬಿನಲ್ಲಿ ಮಹಾಪಾಪ. ಗಿರಾಕಿಯ ಕೈಗೆ ಕೊಡುವ ಮೊದಲು ಒಳಹೊರಗೆ ತಿರುವಿ ಪ್ರತಿಯೊಂದು ತುದಿಯನ್ನೂ ಕತ್ತರಿಸಬೇಕೆಂಬುದು ಅಪ್ಪ ನನಗೆ ಕಲಿಸಿದ ಮೊದಲ ಪಾಠ. ಕೈ ತಾನಾಗಿಯೇ ಜೇಬಿನಲ್ಲಿದ್ದ ಸಣ್ಣ ಕತ್ತರಿಗೆ ಹೋಯಿತು. ಕಚ್, ಕಚ್, ಕಚ್.

ಮರುದಿನ ಮತ್ತೆ ಹತ್ತಾರು ಎಳೆ ಇಳಿದಿದ್ದವು. ಅವನ್ನೂ ಕತ್ತರಿಸಿದೆ. ಆಮೇಲೆ ಅದು ನಿತ್ಯಕರ್ಮವೇ ಆಯಿತು. ಬೆಳಗಿನ ಚಹಾಕ್ಕೆ ಮೊದಲು ಚೈನು ತೆಗೆದು ಒಳಗೆ ಕೂತು, ಒಂದೊಂದು ಗಿಡವನ್ನೂ ಮಗುವಿನ ತಲೆ ಬಾಚುವಂತೆ ಸರಿಸಿ ಸರಿಸಿ ನೋಡಿ, ಮಣ್ಣಿಗೆ ತಾಗುವ ಮೊದಲೇ ತುದಿಗಳನ್ನು ತೆಗೆಯುತ್ತಿದ್ದೆ. ಬೆಳೆಯ ಬಗ್ಗೆ ತನ್ನ ಅಪ್ಪನನ್ನು ಒಂದು ಮಾತು ಕೇಳೋಣವೇ ಎಂದು ಶಾಂತಾ ಎರಡು ಸಲ ಅಂದಳು. ಅಪ್ಪನನ್ನು ಕೇಳಿದರೆ ಅದು ಅಪ್ಪನ ಹೊಲವಾಗುತ್ತದೆ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ.

ಸೀಗಿ ಹುಣ್ಣಿಮೆ ಬಂತು. ಹನ್ನೊಂದು ಗಂಟೆಗೆ ಮನೆಯ ಮುಂದೆ ಟೆಂಪೋ ನಿಂತಿತು. ಮಾವನವರು ಹೊಸ ರುಮಾಲು ಸುತ್ತಿದ್ದರು. ಅತ್ತೆ, ಷಡ್ಡಕ, ಅವನ ಹೆಂಡತಿ, ಮಕ್ಕಳು, ಬಳಗ ಎಲ್ಲ ಸೇರಿ ಹನ್ನೊಂದು ಜನ. ಐದು ಬುಟ್ಟಿ ಬುತ್ತಿ, ಎರಡು ಕಂಬಳಿ, ಒಂದು ಕೊಡ ಮಜ್ಜಿಗೆ. ನಾನು ಇಳಿಯಿರಿ ಎಂದೆ. ಮಾವನವರು ಟೆಂಪೋದಲ್ಲಿ ಕೂತೇ ಕೈ ಅಲ್ಲಾಡಿಸಿದರು.

“ಇಳಿಯೂದು ಆಮ್ಯಾಲ. ಮೊದಲ ಹೊಲಕ್ಕ ಹೋಗೂಣು. ಯಾವ ಕಡೆ ಬರ್ತೈತ್ರಿ, ಬಂಕಾಪುರ ರೋಡಿಗೋ, ಹಾವೇರಿ ರೋಡಿಗೋ?”

“ಒಳಗ ಬರ್ರಿ ಮಾವಾರ.”

“ಹೊಲಾ ನೋಡಿ ಬರ್ತೇವ್ರಿ.”

“ಹೊಲಾನೂ ಒಳಗ ಐತ್ರಿ,” ಎಂದೆ ನಾನು.

ಹನ್ನೊಂದು ಜನ ಬುಟ್ಟಿ ಹೊತ್ತು ನಮ್ಮ ಪಡಸಾಲೆ ದಾಟಿ, ಅಡುಗೆಮನೆ ದಾಟಿ, ಗ್ಯಾಸಿನ ಒಲೆಯ ಪಕ್ಕದಿಂದ ಹಾದು ಹೊಲಕ್ಕೆ ನಡೆದರು. ಹೊಲದಲ್ಲಿ ನಿಲ್ಲಲು ಜಾಗ ಸಾಲದೆ ಷಡ್ಡಕ ಒಗೆಯುವ ಕಲ್ಲಿನ ಮೇಲೆ ಹತ್ತಿದ, ಅವನ ಮಕ್ಕಳು ಗೋಡೆ ಹತ್ತಿದರು. ಮಾವನವರು ಮಾತ್ರ ಬಾಗಿಲಲ್ಲೇ ಕೆರ ಬಿಟ್ಟು, ತಮ್ಮ ಹೊಲಕ್ಕೆ ಹೇಗೆ ಕೈ ಮುಗಿಯುತ್ತಿದ್ದರೋ ಹಾಗೆಯೇ ನನ್ನ ಹಿತ್ತಲಿಗೂ ಕೈ ಮುಗಿದರು. ನಗಲಿಲ್ಲ. ಅದನ್ನು ನೋಡಿ ನನಗೆ ಅವರ ಮೇಲೆ ಬಹಳ ಅಭಿಮಾನ ಬಂತು. ನಾನು ಚೈನು ಎಳೆದು ಪರದೆ ಸರಿಸಿದೆ. ಹಸಿರು ಕಂಡು ಎಲ್ಲರೂ ಬೆರಗಾದರು. ಇಷ್ಟು ದಟ್ಟ ಬೆಳೆಯನ್ನು ತಾನೂ ತೆಗೆದಿಲ್ಲ ಎಂದು ಷಡ್ಡಕ ಕಲ್ಲಿನ ಮೇಲಿಂದ ಒಪ್ಪಿಕೊಂಡ. ನನ್ನ ಜನ್ಮ ಸಾರ್ಥಕವಾಯಿತು.

ಪೂಜೆ ಸಾಂಗವಾಗಿ ನಡೆಯಿತು. ಬಸುರಿಗೆ ಕುಬಸ ಮಾಡುವಾಗ ಹಸಿರು ರವಿಕೆ ತೊಡಿಸುತ್ತೇವಲ್ಲ, ನಾನು ನಾಲ್ಕು ದಿನ ಮೊದಲೇ ಅಂಗೈಯಗಲದ ಹಸಿರು ಕುಬಸ ಹೊಲಿದು, ಜರಿಯ ಅಂಚು ಹಚ್ಚಿ ಇಟ್ಟಿದ್ದೆ. ಅತ್ತೆ ಅದನ್ನು ನಡುವಿನ ಗಿಡಕ್ಕೆ ತೊಡಿಸಿ, ಕುಂಕುಮ ಹಚ್ಚಿ, ಉಡಿ ತುಂಬಿದರು. ನಾನು ರುಮಾಲು ಸುತ್ತಿಕೊಂಡು ಕೂಗು ಹಾಕುತ್ತ ಕಡಬು, ಪುಂಡಿಪಲ್ಯ, ಅನ್ನ ಎಲ್ಲ ಚೆಲ್ಲಿದೆ. ಎಂಟಡಿಯ ಹೊಲವಾದ್ದರಿಂದ ಅರ್ಧ ಚರಗ ಮುಮ್ತಾಜಕ್ಕನ ಅಂಗಳಕ್ಕೆ ಬಿತ್ತು.

ಕಾಯಿ ಎಷ್ಟು ಬಲಿತಿದೆ ನೋಡೋಣ ಎಂದು ಮಾವನವರು ಒಂದು ಗಿಡ ಕಿತ್ತರು. ಬರೀ ಬೇರು. ಮಣ್ಣು ಜಾಡಿಸಿ ನೋಡಿದರು. ಬರೀ ಬೇರು. ಇನ್ನೊಂದು ಕಿತ್ತರು. ಷಡ್ಡಕ ಕಲ್ಲಿನಿಂದ ಇಳಿದು ಮೂರನೆಯದನ್ನು ಕಿತ್ತ. ಮಾವನವರು ಗಿಡವನ್ನು ತಲೆಕೆಳಗೆ ಮಾಡಿ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

“ಈರಣ್ಣಾರ, ಇಲ್ಲಿಂದ ನೆಲಕ್ಕ ಎಳಿ ಇಳೀತಿದ್ವಲ್ರಿ, ಅವೆಲ್ಲಿ ಹೋದ್ವು?”

ನಾನು ಉತ್ಸಾಹದಿಂದಲೇ ಹೇಳಿದೆ, “ನೋಡಾಕ ಛಂದ ಕಾಣ್ತಿರಲಿಲ್ರಿ ಮಾವಾರ. ದಿನಾ ಮುಂಜಾನೆ ಕತ್ತರಸಿ ಸ್ವಚ್ಛ ಇಟ್ಟೇನಿ.”

ಮುಂಜಾನೆ ಕಚ್ ಕಚ್ ಎಂದು ಕೇಳುತ್ತಿದ್ದುದು ಹುಲ್ಲು ಕೊಯ್ಯುವ ಸಪ್ಪಳವೆಂದು ತಾನು ತಿಳಿದಿದ್ದೆನೆಂದು ಶಾಂತಾ ಯಾರೂ ಕೇಳದಿದ್ದರೂ ಹೇಳಿದಳು. ಮಾವನವರು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಸಣ್ಣ ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದರು.

“ಆ ಎಳೀನ ಮಣ್ಣಾಗ ಇಳದು ಕಾಯಿ ಆಕ್ಕಾವ್ರಿ.”

ಅತ್ತೆ ಒಮ್ಮೆ ತಾವು ತೊಡಿಸಿದ ಹಸಿರು ಕುಬಸವನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಬಸುರೇ ನಿಲ್ಲದವಳಿಗೆ ಹನ್ನೊಂದು ಜನ ಟೆಂಪೋ ಮಾಡಿಕೊಂಡು ಬಂದು ಕುಬಸ ಮಾಡಿದ್ದರು. ನಿಲ್ಲದಂತೆ ನೋಡಿಕೊಂಡವನೂ ನಾನೇ, ಕುಬಸ ಹೊಲಿದವನೂ ನಾನೇ!

ಮೊದಲು ನಕ್ಕವರು ಮಾವನವರು. ಹೊಸ ರುಮಾಲು ಬಿಚ್ಚಿ ಹೆಗಲಿಗೆ ಬೀಳುವವರೆಗೂ ನಕ್ಕರು. ಆಮೇಲೆ ಎಲ್ಲರೂ. ಷಡ್ಡಕ ಮತ್ತೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ, ಅವನಿಗೆ ನಿಲ್ಲಲು ಆಗುತ್ತಿರಲಿಲ್ಲ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ನನ್ನ ಭೂಮಿ ಎಂಟು ಬೈ ಹನ್ನೆರಡು. ಬಾಯಿಬಿಟ್ಟರೂ ನಾನು ಪೂರ್ತಿ ಹಿಡಿಸುತ್ತಿರಲಿಲ್ಲ.

ಅಡುಗೆಮನೆ, ಪಡಸಾಲೆ, ಹಿತ್ತಲು ಎಂದು ಹಂಚಿಕೊಂಡು ಕೂತು ಎಲ್ಲರೂ ಉಂಡರು. ಶೇಂಗಾ ಹೋಳಿಗೆ ಆಡೂರಿನ ಶೇಂಗಾದ್ದೇ. ನನಗೆ ಮೂರು ಬಡಿಸಿದರು, ನಾನು ತಲೆ ಎತ್ತದೆ ಮೂರನ್ನೂ ತಿಂದೆ. ಹೊರಡುವಾಗ ಮಾವನವರು ಕುಡಗೋಲು ತರಿಸಿ ನನ್ನ ಇಡೀ ಬೆಳೆಯನ್ನು ಐದು ನಿಮಿಷದಲ್ಲಿ ಕೊಯ್ದು, ಎರಡು ಸಿವುಡು ಕಟ್ಟಿ ಟೆಂಪೋದಲ್ಲಿ ಹಾಕಿಸಿದರು. ಕುಬಸವನ್ನು ಮಾತ್ರ ಬಿಚ್ಚಿ ಶಾಂತಾಳ ಕೈಗೆ ಕೊಟ್ಟರು.

ನಾಲ್ಕು ದಿನದ ಮೇಲೆ ಅಂಗಡಿಯಲ್ಲಿ ಕಾಲರ್ ಹಚ್ಚುತ್ತ ಕೂತಿದ್ದಾಗ ಮಾವನವರ ಫೋನು ಬಂತು. ಶಾಂತಾಳಿಗಲ್ಲ, ನನಗೆ! ಮನೆಯ ಎಮ್ಮೆ ಆ ಎರಡು ಸಿವುಡು ತಿಂದ ಮೇಲೆ ಬೇರೆ ಮೇವನ್ನು ಮೂಸಿಯೂ ನೋಡುತ್ತಿಲ್ಲವಂತೆ, ದಿನಾ ಗೋದಲಿಯ ಮುಂದೆ ನಿಂತು ಸವಣೂರಿನ ದಿಕ್ಕಿಗೆ ಕೂಗುತ್ತಿದೆಯಂತೆ. ಗೊಬ್ಬರ ಯಾವುದು ಹಾಕಿದ್ದಿರಿ, ಎಷ್ಟು ಹಾಕಿದ್ದಿರಿ ಎಂದು ಅವರು ವಿವರವಾಗಿ ಕೇಳಿದರು. ನಾನು ಯಂತ್ರ ನಿಲ್ಲಿಸಿ, ಎದ್ದು ನಿಂತು, ಹಿರಿಯ ಕೃಷಿಕನ ಗಾಂಭೀರ್ಯದಿಂದ ಉತ್ತರ ಕೊಟ್ಟೆ. ಅಂತೂ ನನ್ನ ಬೇಸಾಯವನ್ನು ಮನಸಾರೆ ಮೆಚ್ಚುವ ಜೀವವೊಂದು ಆಡೂರಿನಲ್ಲಿದೆ. ಅದಕ್ಕೆ ಎರಡು ಕೊಂಬಿವೆ.