ಎರಡು ಆಸ್ಪತ್ರೆಗಳ ನಡುವೆ ನನ್ನನ್ನು ಬೀಳಿಸಿದ ಡಿಸ್ಕ್ ನಕಲು ಪ್ರೋಗ್ರಾಮಿಗೆ

ಮಾನ್ಯರೇ,

ಹಗಲಿರುಳೆನ್ನದೆ ತಣ್ಣನೆಯ ಕೋಣೆಯಲ್ಲಿ ದುಡಿಯುವ ತಮಗೆ ಹೆರಿಗೆ ವಾರ್ಡಿನ ನರ್ಸ್ ಒಬ್ಬಳ ವಿನಯಪೂರ್ವಕ ವಂದನೆಗಳು. ಒಂದೇ ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ, ನಿಜದಲ್ಲಿ ಇಲ್ಲದ ಹತ್ತಾರು ತೋರಿಕೆಯ ಕಂಪ್ಯೂಟರುಗಳು ಸಂಸಾರ ಹೂಡಿವೆಯೆಂದೂ, ಅವುಗಳಲ್ಲೊಂದು ನಮ್ಮ ಆಸ್ಪತ್ರೆಗಳ ಸಿಬ್ಬಂದಿ ಪಟ್ಟಿಯನ್ನು ನೋಡಿಕೊಳ್ಳುತ್ತದೆಂದೂ, ಅದರ ಡಿಸ್ಕನ್ನು ಒಂದಕ್ಷರ ಬಿಡದೆ ನಕಲು ಮಾಡಿಡುವವರು ತಾವೇ ಎಂದೂ ಕೇಳಿ ಬಹಳ ಸಂತೋಷವಾಯಿತು.

ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿರುವ ಮಗಳ ಊರಿಗೆ ವರ್ಗ ಕೇಳಿ ನಾನು ಅಲೆದದ್ದು ತಮಗೆ ತಿಳಿಯದು. ಕೊನೆಗೂ ಆದೇಶ ಬಂದಾಗ ಆಫೀಸಿನ ಗುಮಾಸ್ತೆಗೆ ದುಂಬಾಲು ಬಿದ್ದೆ. ಆ ಮಹಾತಾಯಿ ಊಟ ಬಿಟ್ಟು ಕೂತು ನನ್ನನ್ನು ಹಳೆಯ ಆಸ್ಪತ್ರೆಯ ಪಟ್ಟಿಯಿಂದ ಹೊಸದಕ್ಕೆ ದಾಟಿಸಿದರು. ಎಡವಟ್ಟಾದದ್ದು ಅಲ್ಲಿಯೇ. ನಕಲು ತೆಗೆಯುವ ಮುನ್ನ ಯಂತ್ರವನ್ನು ನಿಲ್ಲಿಸಬೇಕೆಂಬ ನಿಯಮವಿದ್ದರೂ, ಊಟದ ಹೊತ್ತಿನಲ್ಲಿ ನಮ್ಮ ಆಫೀಸಿನಲ್ಲಿ ಯಾರೂ ಕೆಲಸ ಮುಟ್ಟುವುದಿಲ್ಲವೆಂಬ ಅಚಲ ನಂಬಿಕೆಯಿಂದ, ನಿಲ್ಲಿಸದೆಯೇ ತಮ್ಮನ್ನು ಕೆಲಸಕ್ಕೆ ಹಚ್ಚುವುದು ಆ ಕಂಪ್ಯೂಟರ್ ನೋಡಿಕೊಳ್ಳುವ ಆಪರೇಟರ್ ಮಹಾಶಯರ ವಾಡಿಕೆಯಂತೆ. ಗುಮಾಸ್ತೆ ನನ್ನನ್ನು ದಾಟಿಸುತ್ತಿದ್ದ ಹೊತ್ತಿಗೇ ತಾವು ಹೊಸ ಆಸ್ಪತ್ರೆಯ ಪಟ್ಟಿಯನ್ನು ನಾನು ಸೇರುವ ಮೊದಲೇ ನಕಲು ಮಾಡಿದಿರಿ. ಹಳೆಯದನ್ನು ನಾನು ಹೊರಟ ಮೇಲೆ ಮಾಡಿದಿರಿ. ಆಮೇಲೆ ಮೂಲ ಡಿಸ್ಕ್ ಕೆಟ್ಟು ತಮ್ಮ ನಕಲೇ ಗತಿಯಾಯಿತು. ಈಗ ನಾನು ಎಲ್ಲಿಯೂ ಇಲ್ಲ.

“ಪ್ರೋಗ್ರಾಮಿಂದ ಏನೂ ತಪ್ಪಿಲ್ಲ ಸಿಸ್ಟರ್, ಕಂಡಿದ್ದನ್ನ ಕಂಡ ಹಾಗೇ ಬರ್ಕೊಂಡಿದೆ” ಎಂದು ಆಪರೇಟರ್ ತಮ್ಮ ಪರ ವಹಿಸಿದಾಗ, ಇಂಥ ಪ್ರಾಮಾಣಿಕರು ಮನುಷ್ಯರಲ್ಲಿ ಸಿಗುವುದಿಲ್ಲವೆಂದು ನನಗೂ ಅನಿಸಿತು, ಅಳುವೂ ಬಂತು.

ಹೊಸ ಆಸ್ಪತ್ರೆಯ ಮೇಲ್ವಿಚಾರಕಿ ಮಾತ್ರ ಧಾರಾಳಿ. ನಾನು ಕೈಯಲ್ಲಿ ಹಿಡಿದೆತ್ತಿದ ಮಕ್ಕಳೆಲ್ಲ ಅಳು ನಿಲ್ಲಿಸುವ ಮೊದಲೇ ದಾಖಲಾಗುತ್ತಿರುವಾಗ, ಪಟ್ಟಿಯಲ್ಲಿಲ್ಲದ ನನಗೂ ಒಂದರ ಮೇಲೊಂದು ಪಾಳಿ ಕೊಡುತ್ತಿದ್ದಾರೆ. ರಜೆ ಕೊಡಲು ಮಾತ್ರ ಬರುವುದಿಲ್ಲವಂತೆ.

ಆದ್ದರಿಂದ ಒಂದು ಸಣ್ಣ ಬಿನ್ನಹ. ಇಲ್ಲದ ಯಂತ್ರಗಳಿಂದಲೇ ಕೆಲಸ ತೆಗೆಸುವ ತಮ್ಮ ಬಳಗಕ್ಕೆ ಇದೇನೂ ಕಷ್ಟವಲ್ಲ: ನನ್ನದೊಂದು ನಕಲು ತೆಗೆದು ವಾರ್ಡಿಗೆ ಕಳಿಸಿ, ಮೂಲ ಪ್ರತಿಯನ್ನು ಮಗಳ ಬಳಿ ಬಿಟ್ಟುಬಿಡಿ. ನಕಲು ಮುಗಿಯುವವರೆಗೆ ಹೆರಿಗೆಗಳನ್ನು ತಡೆದಿಟ್ಟುಕೊಳ್ಳುವಂತೆ ಗರ್ಭಿಣಿಯರನ್ನು ನಾನೇ ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಸದ್ಯಕ್ಕೆ ಎಲ್ಲಿಯೂ ಇಲ್ಲದ ನರ್ಸ್

ತಾ.ಕ.: ನನ್ನನ್ನು ಬೀಳಿಸಿದ ಆ ನಕಲಿಗೂ ಹಿಂದಿನ ನಕಲಿನಲ್ಲಿ ನಾನಿನ್ನೂ ಹಳೆಯ ಆಸ್ಪತ್ರೆಯಲ್ಲೇ ಇದ್ದೇನೆಂದೂ, ಅದನ್ನೇ ಹಾಕಿ ನನ್ನನ್ನು ಅಲ್ಲಿಗೆ ವಾಪಸು ಕಳಿಸಿದರೆ ಎಲ್ಲವೂ ಸರಿಹೋಗುತ್ತದೆಂದೂ ಆಪರೇಟರ್ ಉತ್ಸಾಹದಿಂದ ಹೇಳುತ್ತಿದ್ದಾರೆ. ಇದನ್ನು ಬರೆಯುವಾಗಲೂ ಮಗಳು ನನ್ನ ಎಡಗೈ ಬಿಟ್ಟಿಲ್ಲ. ಬಿಡಿಸುವ ಧೈರ್ಯವಿದ್ದರೆ ತಾವೇ ಖುದ್ದಾಗಿ ಬನ್ನಿ.