ಎದೆಗವಚಿಕೊಂಡ ಗುಂಡುಕಲ್ಲು

ಬಾಗಿಲು ಹಾಕಿಕೊಂಡು ಮಾಡುವ ಕೆಲಸಗಳ ಬಗ್ಗೆ ನಮ್ಮ ಮನೆಯವರಿಗೆ ಒಳ್ಳೆಯ ಅಭಿಪ್ರಾಯವಿಲ್ಲ. ಓದುವುದಾದರೆ ನಡುಮನೆಯಲ್ಲಿ ಓದಬೇಕು, ಅಳುವುದಾದರೆ ಅಡುಗೆಮನೆಯಲ್ಲಿ ಅಳಬೇಕು. ಅಲ್ಲಿ ಈರುಳ್ಳಿಯ ನೆಪವಾದರೂ ಇರುತ್ತದೆ. ನನ್ನದೋ ಏನನ್ನೂ ಹೇಳಿಕೊಳ್ಳದ ಸ್ವಭಾವ. ಬೆಳಗಿನ ಹೊತ್ತು ಹಲಸೂರು ಕೆರೆಯ ಪಕ್ಕ ನಡೆಯಲು ಶುರುಮಾಡಿದಾಗಲೂ ಅದನ್ನು ವ್ಯಾಯಾಮ ಎಂದು ಯಾರಿಗೂ ಹೇಳಲಿಲ್ಲ. ಅದರಿಂದ ಆದ ಲಾಭವೆಂದರೆ ಮೊದಲಿಗಿಂತ ಬೇಗ ಹಸಿವಾಗುತ್ತಿತ್ತು, ಅಷ್ಟೆ.

ಕಳೆದ ದೀಪಾವಳಿಯ ಸುಮಾರಿಗೆ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಭಾರ ಎತ್ತಕೂಡದು ಎಂದರು ಡಾಕ್ಟರು. ನಮ್ಮ ಮನೆಯಲ್ಲಿ ಅಪ್ಪ ಎತ್ತುತ್ತಿದ್ದ ಭಾರವೆಂದರೆ ಅಜ್ಜಿ. ಅಜ್ಜಿಯ ಬದುಕೆಲ್ಲ ನೆಲದ ಮೇಲೆ: ಸೊಪ್ಪು ಸೋಸುವುದು, ಹೂ ಕಟ್ಟುವುದು, ಅವರೆಕಾಳು ಹಿಸುಕುವುದು. ಕೂರುವುದಕ್ಕೆ ಮಂಡಿಗಳು ಒಪ್ಪುತ್ತಿದ್ದವು, ಏಳುವುದಕ್ಕೆ ಒಪ್ಪುತ್ತಿರಲಿಲ್ಲ. ಅಮ್ಮನ ಸೊಂಟ ಮೊದಲೇ ಅಷ್ಟಕ್ಕಷ್ಟೆ. ಒಂದು ದಿನ ನಾನೇ ಎತ್ತಲು ಹೋಗಿ ಅಜ್ಜಿಯ ಪಕ್ಕದಲ್ಲಿ ಕುಸಿದು ಕೂತೆ. "ಬಿಡವ್ವ, ಈಗ ನಮ್ಮಿಬ್ರನ್ನೂ ಎತ್ತೋಕೆ ಜನ ಕರೀಬೇಕು" ಎಂದು ಅಜ್ಜಿ ನಕ್ಕಳು. ಮಾರನೆಯ ದಿನದಿಂದ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಇಳಿಯಲಿಲ್ಲ. ಉಳಿದವರು ಅವರೆಕಾಳು ಹಿಸುಕುವುದನ್ನು, ಶಿವಾಜಿನಗರದ ಬಸ್ಸಿಗೆ ಕಾಯುವವಳ ಹಾಗೆ ನೋಡುತ್ತ ಕೂತಿರುತ್ತಿದ್ದಳು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ನಸೀಮಾ ಇಂದಿರಾನಗರದ ಜಿಮ್ಮಿಗೆ ಹೋಗುವವಳು. "ಬರೀ ನಡೆದ್ರೆ ಶಕ್ತಿ ಎಲ್ಲಿಂದ ಬರುತ್ತೆ? ವೆಯ್ಟ್ ಎತ್ಬೇಕು ಕಣೆ. ಎದೆಗೆ ಒತ್ತಿ ಹಿಡ್ಕೊ, ಬೆನ್ನು ನೆಟ್ಟಗಿಟ್ಕೊಂಡು ಕುಕ್ಕರುಗಾಲಲ್ಲಿ ಕೂತು ಏಳು" ಎಂದಳು. ಜಿಮ್ಮಿನ ನಾಲ್ಕೂ ಗೋಡೆಗೆ ಕನ್ನಡಿಯಂತೆ. ನಾನು ಒಂದರಲ್ಲೇ ನನ್ನನ್ನು ಸರಿಯಾಗಿ ನೋಡಿಕೊಳ್ಳುವವಳಲ್ಲ. ಗ್ರೈಂಡರ್ ಬಂದ ಮೇಲೆ ಹಿತ್ತಿಲಲ್ಲಿ ನಿರುದ್ಯೋಗಿಯಾಗಿ ಬಿದ್ದಿದ್ದ ರುಬ್ಬುವ ಗುಂಡುಕಲ್ಲನ್ನು ತೊಳೆದು, ಜಾರದ ಹಾಗೆ ಟವೆಲಿನಲ್ಲಿ ಸುತ್ತಿ, ನನ್ನ ಕೋಣೆಗೆ ಸೇರಿಸಿದೆ.

ಕೋಣೆಯ ಚಿಲಕ ಸಡಿಲ. ಒಂದು ಬೆಳಿಗ್ಗೆ ಅಜ್ಜಿ ಊರುಗೋಲಿನಿಂದ ಬಾಗಿಲು ತಳ್ಳಿದಾಗ ನಾನು ಗುಂಡನ್ನು ಎದೆಗವಚಿಕೊಂಡು, ಕಣ್ಣು ಮುಚ್ಚಿ, ಕೂತು ಏಳುತ್ತಿದ್ದೆ. ನಮ್ಮಲ್ಲಿ ನಾಮಕರಣದ ದಿನ ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸುವುದು ಗುಂಡುಕಲ್ಲನ್ನೇ. ನಾನು ಕಣ್ಣು ಬಿಡುವಷ್ಟರಲ್ಲಿ ಅಜ್ಜಿ ಬಾಗಿಲು ಎಳೆದುಕೊಂಡಿದ್ದಳು. ಆಮೇಲೆ ಕೆ.ಆರ್. ಪುರದಲ್ಲಿರುವ ಅತ್ತೆಗೆ ಫೋನು ಮಾಡಿ, "ಹುಡ್ಗಿ ಬಾಯ್ಬಿಟ್ಟು ಹೇಳೋಳಲ್ಲ. ಪಾಪ, ಕಲ್ಲು ಎತ್ಕೊಂಡು ಆಡಿಸ್ತಾವ್ಳೆ. ಬೇಗ ಒಂದು ಗಂಡು ನೋಡು" ಎಂದಳಂತೆ.

ಭಾನುವಾರ ಅತ್ತೆ ಫೋಟೋ ಸಮೇತ ಬಂದಿಳಿದರು. ಹುಡುಗ ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಎಂಜಿನಿಯರು. ಎಲ್ಲರೂ ನನ್ನ ಕಡೆ ಮರುಕದಿಂದ ನೋಡಿದರು. ವಿವರಿಸುವುದು ನನ್ನಿಂದಾಗದ ಕೆಲಸ. "ಅಜ್ಜಿ, ಕೆಳಗೆ ಕೂತ್ಕೋ" ಎಂದೆ.

"ಆಮೇಲೆ ಎತ್ತೋರ್ಯಾರು?"

"ಕೂತ್ಕೋ."

ಅವಳು ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಕೂತಳು. ನಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಅವಳ ಕೈಗಳನ್ನು ಕತ್ತಿಗೆ ಹಾಕಿಸಿಕೊಂಡು, ಎದೆಗೆ ಒತ್ತಿ ಹಿಡಿದು, ಬೆನ್ನು ನೆಟ್ಟಗಿಟ್ಟು ಎದ್ದೆ. ಕಲ್ಲಾಗಿದ್ದರೆ ಅರ್ಧದಲ್ಲಿ ನಗುತ್ತಿರಲಿಲ್ಲ, ಅಜ್ಜಿ ನಕ್ಕಳು. ಆದರೂ ಇಬ್ಬರೂ ನಿಂತಿದ್ದೆವು.

ನಿಂತ ಮೇಲೂ ಅಜ್ಜಿ ಕೈ ಬಿಡಲಿಲ್ಲ. "ನಿನ್ನ ತೊಟ್ಲಲ್ಲಿ ಮೊದ್ಲು ಮಲಗ್ಸಿದ್ದು ಅದೇ ಗುಂಡು ಕಣವ್ವ. ಕಲ್ಲಿನಂಗೆ ಗಟ್ಟಿಯಾಗ್ಲಿ ಅಂತ ಹರಸಿದ್ದೆ. ಆ ಹರಕೆ ಈಗ ಫಲಿಸೈತೆ" ಎಂದಳು, ಕಿವಿಯ ಹತ್ತಿರ.

"ಮತ್ತೆ ಈ ಫೋಟೋ?" ಎಂದರು ಅತ್ತೆ.

"ಇರ್ಲಿ ತಾಯಿ. ಅವರೆಕಾಯಿ ಕಾಲ ಮುಗೀಲಿ. ಇವಳನ್ನ ಕಳ್ಸಿದ್ರೆ ನನ್ನ ಎತ್ತೋರ್ಯಾರು?"

ಈಗ ಅಜ್ಜಿ ಮತ್ತೆ ನೆಲಕ್ಕಿಳಿದಿದ್ದಾಳೆ. ನನ್ನ ವ್ಯಾಯಾಮ ನಡುಮನೆಯಲ್ಲಿ ಎಲ್ಲರ ಎದುರಿಗೇ ನಡೆಯುತ್ತದೆ. "ಬೆನ್ನು ಬಾಗ್ತಾ ಐತೆ" ಎಂದು ಅಜ್ಜಿಯೇ ತಿದ್ದುತ್ತಾಳೆ. ಬಾಗಿಲು ಹಾಕಿಕೊಳ್ಳುವ ಕಾರಣವೇ ಉಳಿದಿಲ್ಲ. ಅತ್ತೆ ಬಿಟ್ಟು ಹೋದ ಫೋಟೋ ಟೀವಿಯ ಮೇಲೆ ಇನ್ನೂ ಇತ್ತು. ಮೊನ್ನೆ ಅದನ್ನು ಕೋಣೆಗೆ ಒಯ್ದು ಒಂದು ಸಲ ನೋಡಿದೆ. ಚಿಲಕವನ್ನು ಮಾತ್ರ ಹಿಂದಿನ ದಿನವೇ ಸರಿಮಾಡಿಸಿದ್ದೆ.